ಜಾಲರಿಯಲ್ಲಿ ಉಳಿದ ಏಳು ಬೀಜ

ಚಿತ್ರಾನ್ನದ ತುತ್ತಿನಲ್ಲಿ ನಿಂಬೆ ಬೀಜ ಹಲ್ಲಿಗೆ ಸಿಕ್ಕರೆ ಆ ತುತ್ತು ಅಲ್ಲಿಗೆ ಕೆಟ್ಟಂತೆ. ಹಾಗಾಗಿ ನಮ್ಮ ಮನೆಯಲ್ಲಿ ನಿಂಬೆಹಣ್ಣು ಹಿಂಡುವುದೆಲ್ಲ ಚಹಾ ಸೋಸುವ ಜಾಲರಿಯ ಮೇಲೆಯೇ. 2017ರ ಜೂನ್‌ನ ಒಂದು ಭಾನುವಾರ ಹೀಗೆ ಹಿಂಡಿ, ಜಾಲರಿಯನ್ನು ಕಸದ ಬುಟ್ಟಿಗೆ ಬಡಿಯಲು ಹೋದವಳು ಕೈ ತಡೆದೆ. ಏಳು ಬೀಜ ಇದ್ದವು. ಹಣ್ಣು ಅಂಗಡಿಯದಲ್ಲ, ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿರುವ ಸೋದರಮಾವನ ತೋಟದ್ದು. ಬಾವಿ ಹಿಂದಿನ ಹಳೇ ಗಿಡದ್ದು ಎಂದು ಹೇಳಿಯೇ ಕೊಟ್ಟಿದ್ದರು. ಆ ಗಿಡದ ಹಣ್ಣಿಗೆ ಸಿಪ್ಪೆ ಎಷ್ಟು ತೆಳುವೆಂದರೆ ಉಗುರು ತಾಗಿದರೂ ಸಾಕು, ಕೋಣೆಯೆಲ್ಲ ಘಮ್ಮೆನ್ನುತ್ತದೆ.

ಬೀಜ ಹಾಕುತ್ತೇನೆ ಎಂದು ಫೋನಿನಲ್ಲಿ ಅವ್ವನಿಗೆ ಹೇಳಿದೆ.

“ಮನ್ಯಾಗ ಲಿಂಬಿ ಗಿಡ ಹಚ್ಚತಾರೇನ ಯಾರರೆ? ಅದಕ್ಕ ಬಿಸಿಲು ಎಲ್ಲಿಂದ ತರ್ತಿ?”

ಬೆಂಗಳೂರಿನ ನಾಲ್ಕನೇ ಮಹಡಿಯ ಫ್ಲ್ಯಾಟು ನಮ್ಮದು. ಅಂಗಳವೆಂದರೆ ಉತ್ತರಕ್ಕೆ ಮುಖ ಮಾಡಿದ ಒಂದು ಬಾಲ್ಕನಿ, ಪೂರ್ವಕ್ಕೊಂದು ಕಿಟಕಿ. ಅವ್ವನ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನನಗೆ ಮುಂದಿನ ಆರು ವರ್ಷ ಹೋಯಿತು. ಬೀಜ ಮೊಳೆಯಿಸುವುದು ಕಷ್ಟವಲ್ಲ, ಯಾರು ಬೇಕಾದರೂ ಮಾಡಬಹುದು. ಮೊಳೆತದ್ದನ್ನು ಗೋಡೆಗಳ ನಡುವೆ ಇಟ್ಟುಕೊಂಡು ಮರವಾಗಿಸುವುದು ಬೇರೆಯದೇ ಕಥೆ.

ಈಗೀಗ ಮೊಬೈಲಿನಲ್ಲಿ ಇಂಥ ವಿಡಿಯೊಗಳಿಗೆ ಬರವಿಲ್ಲ. ಚಹಾ ಕಪ್ಪಿನಲ್ಲಿ ಬೀಜ ಊರುತ್ತಾರೆ, ಹಿನ್ನೆಲೆಯಲ್ಲಿ ಕೊಳಲು ನುಡಿಯುತ್ತದೆ, ಮರುಕ್ಷಣವೇ ಆ ಕಪ್ಪಿನ ಪಕ್ಕದ ಕುಂಡದಲ್ಲಿ ಮೊಣಕಾಲೆತ್ತರದ ಗಿಡ, ಅದರ ತುಂಬ ಹಳದಿ ಹಣ್ಣು. ‘ಕೇವಲ 90 ದಿನಗಳಲ್ಲಿ!’ ಇದು ಹಸಿ ಸುಳ್ಳು. ತೋರಿಸುವುದು ನರ್ಸರಿಯಿಂದ ತಂದ ಕಸಿ ಗಿಡ. ಬೀಜದಿಂದ ಬಂದ ನಿಂಬೆ ತೋಟದ ಬಯಲಿನಲ್ಲೇ ಹೂ ಬಿಡಲು ಮೂರರಿಂದ ಐದು ವರ್ಷ ತೆಗೆದುಕೊಳ್ಳುತ್ತದೆ. ಮನೆಯೊಳಗೆ ಅದಕ್ಕಿಂತ ಹೆಚ್ಚು. ಬೆಳಕು ಸಾಲದಿದ್ದರೆ ಎಂದೂ ಬಿಡದೆಯೂ ಇರಬಹುದು. ಇಷ್ಟು ತಿಳಿದುಕೊಂಡೇ ಬೀಜಕ್ಕೆ ಕೈ ಹಾಕುವುದು ಒಳ್ಳೆಯದು.

ಮೊದಲು ಒಂದು ಹೆಸರಿನ ಗೊಂದಲ ಬಿಡಿಸಬೇಕು. ನಾವು ಇಂಗ್ಲಿಷಿನಲ್ಲಿ ಮಾತಾಡುವಾಗ ‘ಲೆಮನ್’ ಎನ್ನುವ ನಮ್ಮ ನಿಂಬೆ ನಿಜವಾಗಿ ಲೆಮನ್ ಅಲ್ಲ, ‘ಲೈಮ್’. ಕಾಗದದಂಥ ಸಿಪ್ಪೆಯ ಕಾಗ್ಜಿ ನಿಂಬೆ. ವಿದೇಶಿ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ, ಎರಡೂ ತುದಿಗೆ ಚೂಪಾದ ದಪ್ಪ ಸಿಪ್ಪೆಯ ಹಳದಿ ಹಣ್ಣು ಲೆಮನ್. ವಂಶಾವಳಿ ನೋಡಿದರೆ ಎರಡೂ ಮಲಸಹೋದರರು. ಎರಡಕ್ಕೂ ತಂದೆ ಮಾದಲ. ಆ ಗಂಡಾಳು ಫಿಲಿಪ್ಪೀನ್ಸ್ ಕಡೆಯ ಒಂದು ಕಾಡು ಜಾತಿಯ ಜೊತೆ ಕೂಡಿ ನಮ್ಮ ನಿಂಬೆಯಾಯಿತು. ಹುಳಿಕಿತ್ತಳೆಯ ಜೊತೆ ಕೂಡಿ ಲೆಮನ್ ಆಯಿತು. ಆ ಹುಳಿಕಿತ್ತಳೆಯೂ ಚಕ್ಕೋತ ಮತ್ತು ಸಣ್ಣ ಕಿತ್ತಳೆಯ ಮಿಶ್ರಣವೇ. ಇಡೀ ಕುಲದ ತವರು ಅಸ್ಸಾಮಿನ ಪೂರ್ವ ಭಾಗ, ಉತ್ತರ ಮ್ಯಾನ್ಮಾರ್, ಪಶ್ಚಿಮ ಯುನ್ನಾನ್‌ಗಳನ್ನು ಒಳಗೊಂಡ ಹಿಮಾಲಯದ ಆಗ್ನೇಯ ತಪ್ಪಲು ಎಂದು 2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಹೇಳಿತು. ಕುಟುಂಬವನ್ನು ಇನ್ನೂ ಹಿಗ್ಗಿಸಿದರೆ ಬಿಲ್ವ, ಬೇಲ, ಕೊನೆಗೆ ಒಗ್ಗರಣೆಯ ಕರಿಬೇವು ಕೂಡ ನಿಂಬೆಯ ನೆಂಟರೇ. ನಂಬಿಕೆ ಬರದಿದ್ದರೆ ನಿಂಬೆಯ ಒಂದು ಎಲೆ ಕಿತ್ತು ತೊಟ್ಟು ನೋಡಿ. ತೊಟ್ಟು ಮತ್ತು ಎಲೆ ಸೇರುವಲ್ಲಿ ಒಂದು ಕೀಲು ಇದೆ, ಅಲ್ಲೇ ಚಟ್ಟನೆ ಮುರಿಯುತ್ತದೆ. ಅದು ಬಿಲ್ವದಂತೆ ಹಲವು ದಳಗಳಿದ್ದ ಎಲೆಯಲ್ಲಿ ಒಂದೇ ದಳ ಉಳಿದುಕೊಂಡದ್ದರ ಗುರುತು.

ಏಳು ಬೀಜಗಳನ್ನು ನೀರಿನಲ್ಲಿ ಉಜ್ಜಿ ಮೇಲಿನ ಲೋಳೆ ಕಳೆದೆ. ಒಣಗಿಸಲಿಲ್ಲ. ಇದು ಮುಖ್ಯ. ಮೆಣಸಿನಕಾಯಿ, ಬದನೆ ಬೀಜದ ಅಭ್ಯಾಸದಲ್ಲಿ ನಿಂಬೆ ಬೀಜವನ್ನೂ ಕಾಗದದ ಮೇಲೆ ಹರವಿ ಬಿಸಿಲಿಗಿಟ್ಟು, ಡಬ್ಬಿಯಲ್ಲಿ ಎತ್ತಿಟ್ಟು, ಆರು ತಿಂಗಳ ಮೇಲೆ ಬಿತ್ತಿ, ‘ಹುಟ್ಟಲೇ ಇಲ್ಲ’ ಎನ್ನುವವರಿದ್ದಾರೆ. ಹುಳಿಹಣ್ಣಿನ ಕುಲದ ಬೀಜಗಳಿಗೆ ಒಣಗಿದರೆ ಜೀವವಿಲ್ಲ. ಹಣ್ಣಿನಿಂದ ಬಂದದ್ದು ಅದೇ ದಿನ, ಹೆಚ್ಚೆಂದರೆ ಮಾರನೇ ದಿನ ಮಣ್ಣಿಗೆ ಬೀಳಬೇಕು. ಕೆಮ್ಮಣ್ಣು, ಮರಳು, ಎರೆಗೊಬ್ಬರ ಸಮಸಮ ಬೆರೆಸಿ, ತಳಕ್ಕೆ ತೂತು ಕೊರೆದ ಐಸ್‌ಕ್ರೀಮ್ ಡಬ್ಬಿಗೆ ತುಂಬಿ, ಬೆರಳಿನ ಅರ್ಧ ಗೆಣ್ಣಿನಷ್ಟು ಆಳದಲ್ಲಿ ಊರಿದೆ. ಅವಸರವಿದ್ದರೆ ಬೀಜದ ಹೊರಸಿಪ್ಪೆಯನ್ನು ಉಗುರಿನಿಂದ ಬಿಡಿಸಿ ಹಾಕಬಹುದು, ವಾರ ಮೊದಲೇ ಮೊಳೆಯುತ್ತದೆ. ಎರಡಕ್ಕೆ ಹಾಗೆ ಮಾಡಿದೆ. ಒಂದರ ಮೊಳೆಯನ್ನು ಉಗುರಿನಲ್ಲೇ ಮುರಿದೆ.

ಮಳೆಗಾಲದ ಚಳಿಗೆ ಡಬ್ಬಿಯನ್ನು ಫ್ರಿಜ್ಜಿನ ತಲೆಯ ಮೇಲಿಟ್ಟಿದ್ದೆ. ಅಲ್ಲಿ ಸದಾ ಸ್ವಲ್ಪ ಬೆಚ್ಚಗಿರುತ್ತದೆ. ಮೊಳೆಯುವ ತನಕ ನಿಂಬೆಗೆ ಬೆಳಕು ಬೇಡ, ಶಾಖ ಬೇಕು. 25ರಿಂದ 30 ಡಿಗ್ರಿ ಇದ್ದರೆ ಎರಡು ಮೂರು ವಾರಕ್ಕೆ ಮಣ್ಣು ಬಿರಿಯುತ್ತದೆ. ಅವರೆಯಂತೆ ಬೇಳೆಯನ್ನು ತಲೆಯ ಮೇಲೆ ಹೊತ್ತು ಬರುವುದಿಲ್ಲ. ಬೇಳೆ ಮಣ್ಣೊಳಗೇ ಉಳಿದು, ಕಡ್ಡಿಯಂಥ ಕಾಂಡ ಮಾತ್ರ ಮೇಲೆದ್ದು, ಎದುರುಬದುರಾಗಿ ಎರಡು ಎಲೆ ಬಿಚ್ಚುತ್ತದೆ.

ಹದಿನೆಂಟನೇ ದಿನ ನೋಡಿದರೆ ಒಂದೇ ಬೀಜ ಊರಿದ ಮೂಲೆಯಲ್ಲಿ ಮೂರು ಮೊಳಕೆ! ಎರಡು ಗಟ್ಟಿಮುಟ್ಟು, ಒಂದು ಸೊಣಕಲು. ಎಣಿಸುವಾಗ ತಪ್ಪಿ ಮೂರು ಬೀಜ ಒಂದೇ ಕಡೆ ಹಾಕಿರಬೇಕು ಎಂದುಕೊಂಡು ಮೆಲ್ಲಗೆ ಮಣ್ಣು ಕೆದಕಿದೆ. ಬೀಜ ಒಂದೇ. ಮೂರೂ ಅದರ ಹೊಟ್ಟೆಯಿಂದಲೇ ಬಂದಿದ್ದವು.

ಇದನ್ನು ಮೊದಲು ಕಂಡು ಬೆರಗಾದವರು ಡಚ್ಚರ ಆಂಟೊನಿ ವಾನ್ ಲೇವೆನ್‌ಹುಕ್. ತಮ್ಮದೇ ಮಸೂರದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡ ಅದೇ ಬಟ್ಟೆ ವ್ಯಾಪಾರಿ. 1719ರಲ್ಲಿ ಕಿತ್ತಳೆ ಬೀಜವನ್ನು ಬಿಡಿಸಿ ನೋಡಿದಾಗ ಒಂದೇ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಅವರು ಗಮನಿಸಿದರು. ಅದು ಹೇಗೆ ಎಂಬುದು ತಿಳಿಯಲು 1878ರವರೆಗೆ, ಎಡ್ವರ್ಡ್ ಸ್ಟ್ರಾಸ್‌ಬುರ್ಗರ್ ಎಂಬ ಸಸ್ಯವಿಜ್ಞಾನಿಯವರೆಗೆ, ಕಾಯಬೇಕಾಯಿತು. ಸಂಗತಿ ಹೀಗಿದೆ. ಪರಾಗ ಬಂದು ಅಂಡಕ್ಕೆ ಸೇರಿ ಹುಟ್ಟುವ ಭ್ರೂಣ ಒಂದು; ಅದು ತಂದೆ–ತಾಯಿ ಇಬ್ಬರ ಮಗು. ಆದರೆ ನಿಂಬೆಯಲ್ಲಿ ಆ ಭ್ರೂಣದ ಸುತ್ತ ಇರುವ ತಾಯಿಯ ಅಂಗಾಂಶದ ಕೋಶಗಳೇ ಸುಮ್ಮನಿರದೆ ತಾವೂ ಭ್ರೂಣಗಳಾಗಿ ಬೆಳೆಯುತ್ತವೆ. ಅವುಗಳಲ್ಲಿ ತಂದೆಯ ಪಾಲು ಎಳ್ಳಷ್ಟೂ ಇಲ್ಲ. ಅಚ್ಚು ಒತ್ತಿದಂತೆ ತಾಯಿಯೇ. ಇವು ಸಾಮಾನ್ಯವಾಗಿ ಗಟ್ಟಿ; ಜಾಗ, ಆಹಾರ ಎರಡನ್ನೂ ಕಬಳಿಸಿ ಬೆಳೆಯುತ್ತವೆ. ನಿಜವಾದ ಮಗು ಎಷ್ಟೋ ಸಲ ಬೀಜದೊಳಗೇ ಸೋತುಹೋಗುತ್ತದೆ, ಇಲ್ಲವೇ ಸೊಣಕಲಾಗಿ ಹುಟ್ಟುತ್ತದೆ.

ಎಲ್ಲ ಹುಳಿಹಣ್ಣುಗಳೂ ಹೀಗಲ್ಲ. ದೇವನಹಳ್ಳಿಯ ಚಕ್ಕೋತದ ಬೀಜ ಹಾಕಿದರೆ ಒಂದು ಬೀಜಕ್ಕೆ ಒಂದೇ ಸಸಿ, ಹಣ್ಣು ಯಾವ ರುಚಿಯದೋ ದೇವರೇ ಬಲ್ಲ. ಮಾದಲವೂ ಹಾಗೆಯೇ. ಮಾವಿನ ಗೊರಟೆ ನೆಟ್ಟು ‘ರಸಪೂರಿ ಹಾಕಿದೆ, ನಾರುಕಾಯಿ ಬಂತು’ ಎಂದು ಹಣೆ ಚಚ್ಚಿಕೊಂಡವರು ಬೇಕಾದಷ್ಟಿದ್ದಾರೆ. ಕಾಗ್ಜಿ ನಿಂಬೆ ಮಾತ್ರ ಬಹುಪಾಲು ಸಲ ನಂಬಿದವರ ಕೈ ಬಿಡುವುದಿಲ್ಲ.

ನಾನು ಇದನ್ನೆಲ್ಲ ಓದಿಕೊಂಡು, ಹೊಸ ಸುದ್ದಿ ಎಂಬಂತೆ ಮಾವನಿಗೆ ಫೋನ್ ಮಾಡಿದೆ.

“ಅದಕ್ಕಲ್ಲೇನ ನಾವು ಬೀಜದ್ದ ಹಚ್ಚೂದು!” ಎಂದರು ಮಾವ. “ಕಸಿ ಯಾಕ ಬೇಕು ಲಿಂಬಿಗೆ? ಚಲೋ ಗಿಡದ್ದು ಹಣ್ಣು ತಗೊಂಡು ಬೀಜ ಹಾಕೂದು, ಮಡ್ಯಾಗ ಎದ್ದ ಮ್ಯಾಗ ಬ್ಯಾರೆ ಥರಾ ಕಾಣೂದೆಲ್ಲ ಕಿತ್ತು ಒಗಿಯೂದು.”

ಸ್ಟ್ರಾಸ್‌ಬುರ್ಗರ್ ಹೆಸರು ಕೇಳದ ಇಂಡಿಯ ರೈತರು ಮಡಿಯಲ್ಲಿ ಮಾಡುವ ಆಯ್ಕೆ ಇದೇ. ಒಂದೇ ತರಹ ಕಾಣುವವು ತಾಯಿಯ ಅಚ್ಚು, ಅವನ್ನು ಉಳಿಸು. ಬೇರೆ ಕಾಣುವುದು ಮಗು, ಅದನ್ನು ಕಿತ್ತೆಸೆ. ಇಂಡಿಯ ನಿಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ, ನಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲೇ ಇದೆ. ಆ ಹೆಸರೆಲ್ಲ ನಿಂತಿರುವುದು ಈ ನಿರ್ದಯ ಕಳೆ ಕೀಳುವಿಕೆಯ ಮೇಲೆ. ಬೀಜದ ದಾರಿಗೆ ಇನ್ನೂ ಒಂದು ಲಾಭವಿದೆ. ಮುದಿ ಮರದ ಕೊಂಬೆಯಿಂದ ಕಸಿ ಮಾಡಿದರೆ ಮರದ ಹಳೇ ವೈರಸ್ ರೋಗಗಳೂ ಜೊತೆಗೆ ಬರುತ್ತವೆ. ಟ್ರಿಸ್ಟೆಜಾದಂಥವು ಬೀಜವನ್ನು ಹೊಕ್ಕುವುದಿಲ್ಲ. ಅಂದರೆ ಬೀಜದಿಂದ ಎದ್ದದ್ದು ಅದೇ ಮರ, ಕಾಯಿಲೆ ಕಳಚಿಟ್ಟು ಬಂದ ಮರ.

ನಾನು ಎರಡು ಗಟ್ಟಿ ಸಸಿಗಳಲ್ಲಿ ಒಂದನ್ನು ಕುಂಡಕ್ಕೆ ಹಾಕಿದೆ, ಇನ್ನೊಂದನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಸೊಣಕಲನ್ನು ಕೀಳಲು ಮನಸ್ಸು ಬರಲಿಲ್ಲ. ಮೊಸರಿನ ಡಬ್ಬಿಯೊಂದು ಖಾಲಿ ಇತ್ತು.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ತಂಗಿಗೂ ಇದೇ ಹುಚ್ಚು ಹತ್ತಿತು. “ಅಕ್ಕಾ, ಮುಂದಿನ ಸಲ ಬರೂವಾಗ ಬೀಜ ತಗೊಂಡು ಬಾ” ಎಂದಳು. ತರುವಂತಿಲ್ಲ. ಊರಿನಿಂದ ಹೊರಟ ಅಮ್ಮಂದಿರ ಬ್ಯಾಗಿನಿಂದ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಹಸಿ ಕರಿಬೇವನ್ನು ಹುಡುಕಿ ಕಸಕ್ಕೆ ಹಾಕುವುದನ್ನು ಕಂಡವರಿಗೆ ಸಿಟ್ಟು ಬರುತ್ತದೆ, ಆದರೆ ಅದರ ಹಿಂದಿರುವುದು ನಿಂಬೆ–ಕಿತ್ತಳೆಯ ಕಥೆಯೇ. ಹುಳಿಹಣ್ಣಿನ ಗಿಡದ ರಸ ಹೀರುವ ಸಿಲ್ಲಿಡ್ ಎಂಬ ಸಣ್ಣ ಕೀಟಕ್ಕೆ ನೆಂಟನಾದ ಕರಿಬೇವೂ ಇಷ್ಟ. ಆ ಕೀಟ ಹೊತ್ತು ತಿರುಗುವ ಬ್ಯಾಕ್ಟೀರಿಯಾದಿಂದ ಬರುವ ‘ಗ್ರೀನಿಂಗ್’ ರೋಗ ಹಣ್ಣನ್ನು ಬಲಿಯಲು ಬಿಡದೆ ಮರವನ್ನೇ ಕೊಲ್ಲುತ್ತದೆ. ಫ್ಲಾರಿಡಾಕ್ಕೆ ಕೀಟ ಕಾಲಿಟ್ಟದ್ದು 1998ರಲ್ಲಿ, ರೋಗ ಕಂಡದ್ದು 2005ರಲ್ಲಿ. ಅಲ್ಲಿಂದೀಚೆಗೆ ಆ ರಾಜ್ಯದ ಕಿತ್ತಳೆ ಬೆಳೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು. ಒಂದು ಹಿಡಿ ಕರಿಬೇವಿಗೆ ಅವರು ಹೆದರುವುದರಲ್ಲಿ ಅರ್ಥವಿದೆ.

ತಂಗಿ ಅಲ್ಲಿಯ ಅಂಗಡಿಯಿಂದ ಹಸಿರು ಲೈಮ್ ತಂದು ಕೊಯ್ದಳು. ಒಂದೂ ಬೀಜವಿಲ್ಲ. ಅಲ್ಲಿ ಹೆಚ್ಚಾಗಿ ಸಿಗುವುದು ತಾಹಿತಿ ಲೈಮ್. ಅದಕ್ಕೆ ವರ್ಣತಂತುಗಳ ಸೆಟ್ ಎರಡರ ಬದಲು ಮೂರು, ಬೀಜ ಕಟ್ಟಲು ಬರುವುದಿಲ್ಲ. ಕೊನೆಗೆ ದಪ್ಪ ಸಿಪ್ಪೆಯ ಲೆಮನ್‌ನಿಂದ ಐದಾರು ಬೀಜ ತೆಗೆದು ಹಾಕಿದಳು. ಲೆಮನ್‌ನಲ್ಲೂ ಬಹುಭ್ರೂಣ ಉಂಟು, ಆದರೆ ನಮ್ಮ ನಿಂಬೆಯಷ್ಟು ನೆಚ್ಚುವಂತಿಲ್ಲ. ಅವಳ ಗಿಡದ ಚಿಗುರು ನೇರಳೆ ಬಣ್ಣಕ್ಕೆ ತಿರುಗಿದಾಗ ರೋಗ ಬಂತೆಂದು ಗಾಬರಿಯಾಗಿ ಫೋಟೊ ಕಳಿಸಿದ್ದಳು. ರೋಗವಲ್ಲ, ಲೆಮನ್‌ನ ಚಿಗುರೇ ಹಾಗೆ. ನನ್ನ ಗಿಡದ್ದು ತಿಳಿಹಸಿರು.

ಚಳಿ ದೇಶದವರು ಈ ಗಿಡಕ್ಕಾಗಿ ಪಟ್ಟ ಪಾಡು ಸಣ್ಣದಲ್ಲ. ವರ್ಸೈಲ್ಸ್ ಅರಮನೆಯಲ್ಲಿ ಕಿತ್ತಳೆ ಗಿಡಗಳು ಚಳಿಗಾಲ ಕಳೆಯಲೆಂದೇ 1684ರಿಂದ 1686ರ ನಡುವೆ ಒಂದು ಮಹಾಸೌಧ ಕಟ್ಟಿದರು. ಗಿಡಗಳಿಗೆ ಅಲ್ಲಿ ಸಿಕ್ಕ ಜಾಗ ನಮ್ಮ ಎಷ್ಟೋ ಫ್ಲ್ಯಾಟುಗಳಿಗಿಲ್ಲ. ಇಟಲಿಯ ಗಾರ್ಡಾ ಸರೋವರದ ದಂಡೆಯಲ್ಲಿ ಕಲ್ಲಿನ ಕಂಬ ನಿಲ್ಲಿಸಿ, ಚಳಿ ಬಂದಾಗ ಮೇಲೆ ಹಲಗೆ ಮುಚ್ಚುವ ನಿಂಬೆ ತೋಟಗಳಿದ್ದವು. 1786ರಲ್ಲಿ ಕವಿ ಗಯಟೆ ದೋಣಿಯಲ್ಲಿ ಹೋಗುತ್ತ ಅವನ್ನು ನೋಡಿ ಬರೆದಿಟ್ಟಿದ್ದಾನೆ. ಇಂದು ಅಮೆರಿಕದ ಮನೆಗಳೊಳಗೆ ಹೆಚ್ಚು ಕಾಣುವ ಮೇಯರ್ ಲೆಮನ್ ಕೂಡ ಬಂದದ್ದು ಕುಂಡದಿಂದಲೇ. ಫ್ರಾಂಕ್ ಮೇಯರ್ ಎಂಬ ಸಸ್ಯಾನ್ವೇಷಕ 1908ರಲ್ಲಿ ಅದನ್ನು ಬೀಜಿಂಗ್ ಬಳಿಯಿಂದ ಒಯ್ದ; ಅಲ್ಲಿಯ ಜನ ಅದನ್ನು ಚೆಂದಕ್ಕಾಗಿ ಕುಂಡದಲ್ಲಿ ಬೆಳೆಸುತ್ತಿದ್ದರು.

ತಂಗಿಯ ಗಿಡ ಮೊದಲ ಡಿಸೆಂಬರಿನಲ್ಲೇ ಎಲೆಯೆಲ್ಲ ಉದುರಿಸಿತು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಹಗಲು ಒಂಬತ್ತು ಗಂಟೆಗೂ ಕಡಿಮೆ. ಆದರೂ ಕಿಟಕಿಯ ಗಾಜಿನ ಹಿಂದೆ ಬಿಸಿಲು ಬೀಳುತ್ತಿತ್ತು, ಒಳಗೆ ಹೀಟರ್ ಇತ್ತು, ಮತ್ತೇಕೆ? ಕುಂಡ ತಣ್ಣನೆಯ ಕಲ್ಲಿನ ಮೇಲಿತ್ತು. ಮಣ್ಣು 13 ಡಿಗ್ರಿಗಿಂತ ಕೆಳಗಿಳಿದರೆ ನಿಂಬೆಯ ಬೇರು ಮುಷ್ಕರ ಹೂಡುತ್ತದೆ. ಮೇಲೆ ಎಲೆಗೆ ಬಿಸಿಲು ತಾಗಿ ನೀರು ಕೇಳುತ್ತದೆ, ಕೆಳಗೆ ಬೇರು ಕೊಡುವುದಿಲ್ಲ. ಗಿಡ ಕೊನೆಗೆ ಕೇಳುವ ಬಾಯಿಯನ್ನೇ ಉದುರಿಸಿಬಿಡುತ್ತದೆ. ಕುಂಡದ ಕೆಳಗೆ ಹಲಗೆ ಕೊಟ್ಟು, ತಲೆಯ ಮೇಲೆ ಎಲ್‌ಇಡಿ ಟ್ಯೂಬ್ ಕಟ್ಟಿ, ಗೋಡೆಯ ಟೈಮರ್‌ಗೆ 14 ಗಂಟೆ ಒಪ್ಪಿಸಿದ ಮೇಲೆ ಮತ್ತೆ ಚಿಗುರಿತು.

ನನ್ನದು ಚಳಿಯ ತಕರಾರಲ್ಲ. ಅವ್ವ ಹೇಳಿದ ಬಿಸಿಲಿನದು.

ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟ ಗಿಡ ಮೊದಲ ವರ್ಷ ಸೆಣಬಿನ ಕಡ್ಡಿಯಂತೆ ಉದ್ದುದ್ದ ಹೋಯಿತು, ಎಲೆ ಎಲೆಯ ನಡುವೆ ಒಂದು ಗೇಣು. ಕೋಣೆ ಬೆಳಕಾಗಿಯೇ ಇತ್ತಲ್ಲ ಎನ್ನುವುದು ನನ್ನ ವಾದ. ಮೊಬೈಲಿಗೆ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಓಡಾಡಿದೆ. ಟಿವಿ ಪಕ್ಕ 250 ಲಕ್ಸ್. ಉತ್ತರದ ಬಾಲ್ಕನಿಯ ಬಾಗಿಲೊಳಗೆ 1,500. ಟೆರೇಸಿನಲ್ಲಿ ಮಧ್ಯಾಹ್ನ ಒಂದು ಲಕ್ಷದ ಹತ್ತಿರ! ನಮ್ಮ ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಎಲ್ಲವನ್ನೂ ‘ಪರವಾಗಿಲ್ಲ, ಬೆಳಕಿದೆ’ ಎನ್ನುವಂತೆ ಮಾಡುತ್ತದೆ. ಎಲೆಗೆ ಆ ಸೌಲಭ್ಯವಿಲ್ಲ. ನಾನೂರು ತುತ್ತು ಉಣ್ಣಬೇಕಾದವರ ಮುಂದೆ ಒಂದು ತುತ್ತು ಇಟ್ಟು, ‘ಏಕೆ ಸೊರಗಿದೆ’ ಎಂದು ಕೇಳುತ್ತಿದ್ದೆ.

ಎರಡನೆಯ ತಪ್ಪು ಇನ್ನೂ ಬುದ್ಧಿವಂತಿಕೆಯದು. ಪುಸ್ತಕಗಳೆಲ್ಲ ‘ದಕ್ಷಿಣದ ಕಿಟಕಿಯಲ್ಲಿ ಇಡಿ’ ಎನ್ನುತ್ತವೆ. ಸ್ನೇಹಿತೆಯ ಮನೆಯಲ್ಲಿ ದಕ್ಷಿಣಕ್ಕೆ ದೊಡ್ಡ ಕಿಟಕಿ ಇದೆಯೆಂದು ಒಂದು ಬೇಸಿಗೆ ಗಿಡವನ್ನು ಅಲ್ಲಿಗೇ ಸಾಗಿಸಿದ್ದೆ. ಆ ಪುಸ್ತಕ ಬರೆದವರು ಲಂಡನ್ನಿನವರೋ ನ್ಯೂಯಾರ್ಕಿನವರೋ ಇರಬೇಕು. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೆ ಬರುತ್ತಾನೆ. ನೆಹರು ತಾರಾಲಯದಲ್ಲಿ ಮಕ್ಕಳು ಕಂಬದ ನೆರಳು ಮಾಯವಾಗುವುದನ್ನು ನೋಡುವ ಶೂನ್ಯ ನೆರಳಿನ ದಿನ ಅದೇ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಅಂದರೆ ಗಿಡ ಹೆಚ್ಚು ಬೆಳೆಯಬೇಕಾದ ಆ ನಾಲ್ಕು ತಿಂಗಳು ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ನನ್ನ ಉತ್ತರದ ಬಾಲ್ಕನಿಯ ಗ್ರಿಲ್ ಅಂಚಿಗೆ ಆಗಲೇ ಬಿಸಿಲು ಬೀಳುತ್ತಿತ್ತು. ಇಷ್ಟು ದಿನ ಅಲ್ಲಿ ಬಟ್ಟೆ ಒಣಗಿಸುತ್ತಿದ್ದೆ.

ಈಗ ಲೆಕ್ಕ ಹೀಗೆ: ಮೇಯಿಂದ ಜುಲೈವರೆಗೆ ಉತ್ತರದ ಗ್ರಿಲ್ ಅಂಚು, ಉಳಿದ ತಿಂಗಳು ಪೂರ್ವದ ಕಿಟಕಿಯ ಕಟ್ಟೆ, ಗಾಜು ಸರಿಸಿ. ಪೂರ್ವದ ಬಿಸಿಲು ಹನ್ನೊಂದಕ್ಕೆ ಮುಗಿದರೂ ವರ್ಷವಿಡೀ ತಪ್ಪುವುದಿಲ್ಲ. ಕುಂಡಕ್ಕೆ ಚಕ್ರದ ಹಲಗೆ ಮಾಡಿಸಿದ್ದೇನೆ. ‘ಮನೆಯೊಳಗಿನ ಗಿಡ’ ಎನ್ನುವ ಮಾತೇ ಒಂದು ಸುಳ್ಳು ಎಂದು ನನಗೀಗ ಅನ್ನಿಸುತ್ತದೆ. ಅದು ಹೊರಗಿನ ಗಿಡವೇ, ನಾವು ಅದಕ್ಕೆ ಹೊರಗನ್ನು ಒಳಗೆ ತಂದುಕೊಡಬೇಕು, ಅಷ್ಟೆ.

ಜ್ಞಾನೋದಯವಾದ ಉತ್ಸಾಹದಲ್ಲಿ ಮೂರನೆಯ ತಪ್ಪೂ ಆಯಿತು. ಎರಡು ವರ್ಷ ನೆರಳಲ್ಲಿ ಬೆಳೆದ ಗಿಡವನ್ನು ಏಪ್ರಿಲ್ ತಿಂಗಳಲ್ಲಿ ಒಮ್ಮೆಲೇ ಟೆರೇಸಿಗೆ ಒಯ್ದಿಟ್ಟೆ. ಮೂರನೇ ದಿನ ಎಲೆಗಳ ಮೇಲೆ ಹಪ್ಪಳದಂಥ ಬಿಳಿ ಕಲೆ, ಐದನೇ ದಿನ ಅರ್ಧ ಗಿಡ ಬೋಳು. ನೆರಳಿನ ಎಲೆ ತೆಳ್ಳಗೆ ಬೆಳೆದಿರುತ್ತದೆ, ಅದಕ್ಕೆ ಬಿಸಿಲಿನ ಅಭ್ಯಾಸವಿಲ್ಲ. ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಎಂದು ಏರಿಸುತ್ತ ಎರಡು ವಾರ ರೂಢಿ ಮಾಡಿಸಬೇಕಿತ್ತು.

ನೀರಿನ ವಿಷಯ ಬೇಗ ಮುಗಿಸುತ್ತೇನೆ. ಕುಂಡದ ನಿಂಬೆ ಬಾಯಾರಿ ಸಾಯುವುದಕ್ಕಿಂತ ಮುಳುಗಿ ಸಾಯುವುದೇ ಹೆಚ್ಚು. ಬೆರಳು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ, ಒಣಗಿದ್ದರೆ ಮಾತ್ರ, ತಳದ ತೂತಿನಿಂದ ಹರಿಯುವಷ್ಟು ಹಾಕಿ. ಆದರೆ ಯಾವ ನೀರು ಎಂಬುದು ಬೆಂಗಳೂರಿನಲ್ಲಿ ದೊಡ್ಡ ಪ್ರಶ್ನೆ. ನಮ್ಮ ಕಟ್ಟಡಕ್ಕೆ ಅರ್ಧ ಕಾವೇರಿ, ಅರ್ಧ ಬೋರ್‌ವೆಲ್. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುವ ಆ ಗಡಸು ನೀರು ಮಣ್ಣನ್ನು ಮೆಲ್ಲಗೆ ಕ್ಷಾರಕ್ಕೆ ತಿರುಗಿಸುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಲೆ ಓದಲು ಕಲಿತರೆ ಗಿಡವೇ ಹೇಳುತ್ತದೆ: ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಬಲೆಯಂತೆ ಉಳಿದರೆ ಕಬ್ಬಿಣ, ಹಳೇ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ, ಹಳೇ ಎಲೆಯಲ್ಲೇ ತೊಟ್ಟಿನ ಹತ್ತಿರ ಮಾತ್ರ ಹಸಿರು ತ್ರಿಕೋನ ಉಳಿದರೆ ಮೆಗ್ನೀಶಿಯಂ. ಈಗ ಮಳೆನೀರು ಹಿಡಿದಿಟ್ಟು ಹಾಕುತ್ತೇನೆ. ಅದು ಮುಗಿದಾಗ ಕಾವೇರಿ ನೀರು ಬರುವ ದಿನ ಎರಡು ಬಾಟಲಿ ಎತ್ತಿಡುತ್ತೇನೆ. ಮನೆಯವರು ಇದನ್ನು ಕುರಿತು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ನಾಲ್ಕನೇ ಮಹಡಿಗೆ ಹುಳ ಬರುವುದಿಲ್ಲ ಎಂದುಕೊಂಡಿದ್ದೆ. ಮೊದಲು ಬಂದದ್ದು ರಂಗೋಲಿ ಹುಳು. ಎಳೆ ಎಲೆಯ ಎರಡು ಪದರದ ನಡುವೆ ಹೊಕ್ಕು, ಬೆಳ್ಳಿಯ ಎಳೆಯಂಥ ಸುಳಿ ಬರೆಯುತ್ತ ತಿನ್ನುತ್ತದೆ, ಎಲೆ ಮುರುಟಿಕೊಳ್ಳುತ್ತದೆ. ಬೇವಿನೆಣ್ಣೆಗೆ ಎರಡು ಹನಿ ಸೋಪಿನ ನೀರು ಬೆರೆಸಿ ಚಿಗುರು ಬರುವಾಗಲೇ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಇನ್ನೊಂದು ದಿನ ಎಲೆಯ ಮೇಲೆ ಹಕ್ಕಿ ಹಿಕ್ಕೆ ಕಂಡು ಒರೆಸಲು ಹೋದೆ. ಹಿಕ್ಕೆ ತಲೆಯೆತ್ತಿತು! ನಿಂಬೆ ಚಿಟ್ಟೆಯ ಮರಿಹುಳು. ಸಣ್ಣದಿರುವಾಗ ಕಪ್ಪು ಮೈಗೆ ಬಿಳಿ ಪಟ್ಟಿ, ಥೇಟು ಹಿಕ್ಕೆ. ದೊಡ್ಡದಾದ ಮೇಲೆ ಎಲೆಯದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ನಾಲಗೆಯಂಥದ್ದನ್ನು ಹೊರಚಾಚುತ್ತದೆ, ಜೊತೆಗೆ ಕೊಳೆತ ನಿಂಬೆಯ ಕಟು ವಾಸನೆ. ಬೆರಳಿಗೆ ಅಂಟಿದ ಆ ವಾಸನೆ ಎರಡು ಸಲ ತೊಳೆದರೂ ಹೋಗಲಿಲ್ಲ. ನಾಲ್ಕು ಹುಳಕ್ಕೆ ನನ್ನ ಗಿಡದ ಎಲೆಯೆಲ್ಲ ಒಂದು ವಾರದ ಊಟ. ಕೊಲ್ಲಲಾರದೆ ಒಂದೊಂದಾಗಿ ಎತ್ತಿ ಕೆಳಗಿನ ಪಾರ್ಕಿನ ಕರಿಬೇವಿನ ಗಿಡಕ್ಕೆ ಬಿಟ್ಟೆ. ನೆಂಟನ ಮನೆಯ ಊಟವೂ ಅವಕ್ಕೆ ಒಗ್ಗುತ್ತದೆ.

ಬೀಜದ ಗಿಡಕ್ಕೆ ಬಾಲ್ಯ ಉದ್ದ. ಆ ಬಾಲ್ಯದ ಗುರುತು ಮುಳ್ಳು. ಕಾಗ್ಜಿ ನಿಂಬೆಗೆ ಮುಳ್ಳು ಇದ್ದದ್ದೇ, ಆದರೆ ಎಳೆಯ ಬೀಜದ ಗಿಡದ್ದು ದಬ್ಬಣದ ಹಾಗೆ. ಗಿಡ ಮಾಗಿದಂತೆ ಹೊಸ ಕೊಂಬೆಗಳಲ್ಲಿ ಮೊಂಡಾಗುತ್ತ ಬರುತ್ತದೆ. ಬೋನ್ಸಾಯಿ ಮಾಡುವವರಂತೆ ತುದಿ ಚಿವುಟುತ್ತಿದ್ದರೆ ಈ ಬಾಲ್ಯ ಮುಗಿಯುವುದೇ ಇಲ್ಲ, ಏಕೆಂದರೆ ಮಾಗುವುದು ಬುಡವಲ್ಲ, ತುದಿ. ಅದು ಇಂತಿಷ್ಟು ಗೆಣ್ಣು ದಾಟಿ ಮೇಲೆ ಹೋದ ನಂತರವೇ ಹೂವಿನ ಮಾತು. ಚೆಂದ ಕಾಣಲೆಂದು ನಾನು ಎರಡು ವರ್ಷ ಸವರಿದ್ದೆ. ಆ ಎರಡು ವರ್ಷ ದಂಡ.

2022ರ ಏಪ್ರಿಲ್‌ನಲ್ಲಿ ಒಂದು ನಿಂಬೆಹಣ್ಣು ಹತ್ತು ರೂಪಾಯಿ ದಾಟಿದಾಗ ಮನೆಯವರು ದಿನಾ ಗಿಡದ ಮುಂದೆ ನಿಂತು, ‘ಏನಮ್ಮ, ಇವತ್ತಾದರೂ?’ ಎಂದು ಕೇಳುತ್ತಿದ್ದರು. ಅದು ಐದಡಿ ಎತ್ತರಕ್ಕೆ ಮುಳ್ಳು ಚಾಚಿಕೊಂಡು ಸುಮ್ಮನಿತ್ತು. ಮಾವನಿಗೆ ದೂರು ಹೇಳಿದೆ. “ನೀ ದಿನಾ ನೀರು ಹಾಕಿದ್ರ ಅದಕ್ಕೇನ ಚಿಂತಿ? ಹಸ್ತ ಬಹಾರ ಹೆಂಗ ಹಿಡಿತೀವಿ ನಾವು? ನೀರು ಬಂದ್ ಮಾಡು” ಎಂದರು. ಹಸ್ತ ಬಹಾರವೆಂದರೆ ಇದೇ: ಬೇಸಿಗೆಯ ಒಳ್ಳೆ ರೇಟಿಗೆ ಕಾಯಿ ಬೇಕೆಂದರೆ ರೈತರು ಮಳೆಗಾಲ ಮುಗಿಯುತ್ತಿದ್ದಂತೆ ಗಿಡವನ್ನು ಬಾಯಾರಿಸುತ್ತಾರೆ. ಎಲೆ ಬಾಡಿ, ಕೆಲವು ಉದುರಿ, ಇನ್ನೇನು ಎನ್ನುವಾಗ ಗೊಬ್ಬರ ಹಾಕಿ ನೀರು ಬಿಡುತ್ತಾರೆ. ಸಾವಿನ ಭಯ ಕಂಡ ಗಿಡ ಹೂವಿಗೆ ಮನಸ್ಸು ಮಾಡುತ್ತದೆ. 2023ರ ನವೆಂಬರ್‌ನಲ್ಲಿ ಮನಸ್ಸು ಕಲ್ಲು ಮಾಡಿಕೊಂಡು ಮೂರು ವಾರ ನೀರು ನಿಲ್ಲಿಸಿದೆ. ಎಲೆಗಳು ದೋಣಿಯಂತೆ ಮಡಚಿಕೊಂಡವು.

2024ರ ಜನವರಿಯ ಒಂದು ಬೆಳಿಗ್ಗೆ ಹಾಲ್‌ನಲ್ಲಿ ಯಾರೋ ಅತ್ತರು ಚೆಲ್ಲಿದ ಹಾಗಿತ್ತು. ಹನ್ನೊಂದು ಹೂವು. ಜೇನು ಬರಲಿ ಎಂದು ಕಿಟಕಿ ತೆರೆದಿಟ್ಟೆ, ಬರಲಿಲ್ಲ. ನಿಂಬೆ ಹೂವಿಗೆ ತನ್ನದೇ ಪರಾಗ ಸಾಕು. ಮಗನ ಹಳೇ ಬಣ್ಣದ ಕುಂಚದಿಂದ ಹೂವಿಂದ ಹೂವಿಗೆ ಸವರಿದೆ. ಹನ್ನೊಂದರಲ್ಲಿ ಎಂಟು ಉದುರಿದವು. ಅದು ಗಿಡದ ಲೆಕ್ಕಾಚಾರ, ಗಾಬರಿಯಾಗಬಾರದು ಎಂದು ಓದಿದ್ದರೂ ಗಾಬರಿಯಾದೆ. ಮೂರು ಉಳಿದವು. ಜೂನ್‌ನಲ್ಲಿ ಹಳದಿಗೆ ತಿರುಗಿದವು.

ಮಾವ ಆಸ್ಪತ್ರೆಗೆ ತೋರಿಸಿಕೊಳ್ಳಲೆಂದು ಆ ತಿಂಗಳು ಬೆಂಗಳೂರಿಗೆ ಬಂದರು. ಬಾವಿ ಹಿಂದಿನ ಹಳೇ ಗಿಡ ಆಗ ಇರಲಿಲ್ಲ. ಬಾವಿ ಬತ್ತಿದ ಒಂದು ಬೇಸಿಗೆಯಲ್ಲಿ ಒಣಗಿ, ಕಟ್ಟಿಗೆಯಾಗಿ ಹೋಗಿತ್ತು. ಚಪ್ಪಲಿ ಬಿಟ್ಟವರೇ ಕಿಟಕಿಯ ಹತ್ತಿರ ಹೋಗಿ, ಒಂದು ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ ಮೂಸಿದರು. ಒಂದು ಹಣ್ಣಿನ ಸಿಪ್ಪೆಗೆ ಉಗುರು ಒತ್ತಿ ಅದನ್ನೂ ಮೂಸಿದರು.

“ಅದ ಐತಿ” ಎಂದರು. ಆಮೇಲೆ ಚಹಾ ಕೇಳಿದರು.

ಚಹಾ ಕುಡಿಯುತ್ತ ಅವರ ಕಣ್ಣು ಮೂಲೆಯ ಇನ್ನೊಂದು ಕುಂಡಕ್ಕೆ ಬಿತ್ತು. ಆ ಸೊಣಕಲು ಮೊಳಕೆ. ಏಳು ವರ್ಷಕ್ಕೆ ಬರೀ ಎರಡಡಿ ಆಗಿದೆ. ಎಲೆ ಅಗಲ, ತೊಟ್ಟಿನ ರೆಕ್ಕೆ ದೊಡ್ಡದು, ತಿಕ್ಕಿದರೆ ನಿಂಬೆಯೂ ಅಲ್ಲದ, ಕಿತ್ತಳೆಯೂ ಅಲ್ಲದ ವಾಸನೆ. ತಂದೆ ಯಾರೋ, ಬಾವಿಯ ಸುತ್ತ ಹೇರಳೆ, ಮೂಸಂಬಿ ಎಲ್ಲ ಇದ್ದವಂತೆ.

“ಇದ ಬ್ಯಾರೆ ಐತಿ. ಯಾಕ ಇಟಗೊಂಡಿ? ಕಿತ್ತು ಒಗಿ.”

“ಒಗಿತೀನಿ ಮಾಮಾ” ಎಂದೆ.

ಅದಕ್ಕಿನ್ನೂ ಹೂ ಬಂದಿಲ್ಲ. ಮೊನ್ನೆ ಬೆಳಿಗ್ಗೆ ಅದರ ಚಿಗುರಿನ ಮೇಲೆ ಸಾಸಿವೆಗಿಂತ ಸಣ್ಣ, ದುಂಡನೆಯ, ತಿಳಿಹಳದಿ ಮೊಟ್ಟೆ ಎರಡು ಕಂಡವು. ನಾಲ್ಕನೇ ಮಹಡಿಗೆ ಮತ್ತೆ ಚಿಟ್ಟೆ ಬಂದು ಹೋಗಿದೆ.